ಓಣಿಗೆ ಬಾರದ ಮೆರವಣಿಗೆ

ನಮ್ಮಕ್ಕನಿಗೆ ಓಣಿಯವರು ಇಟ್ಟ ಹೆಸರು ಯಾವಾಗಮ್ಮ. ಯಾರು ಏನೇ ಹೇಳಲಿ, ಅವಳ ಬಾಯಿಂದ ಮೊದಲು ಬರುವ ಮಾತು ಅದೇ: ಯಾವಾಗ? ಎದುರು ಅಂಗಡಿಯ ಇಸ್ತ್ರಿಯವನು ಹಿಂದಿನ ಕಾಲದಲ್ಲಿ ಜನ ಎಷ್ಟು ಒಳ್ಳೆಯವರಿದ್ದರು ಎಂದು ನಿಟ್ಟುಸಿರುಬಿಟ್ಟರೆ, ಯಾವಾಗ ಅನ್ನುವಳು. ಅವನು ತಡವರಿಸಿ ಏನಾದರೂ ಹೇಳಿದರೆ, ನಿನಗೆ ಯಾರು ಹೇಳಿದ್ದು ಅನ್ನುವಳು. ಪಾಪ, ಅವನು ಬಟ್ಟೆ ಸುಟ್ಟುಕೊಂಡದ್ದೂ ಉಂಟು. ಇಂಥವಳ ಜೊತೆ ಒಂದೇ ಕೋಣೆಯಲ್ಲಿ ಬೆಳೆದವಳು ನಾನು. ನನ್ನ ಸಹನೆಗೆ ಇವತ್ತಿನವರೆಗೆ ಯಾರೂ ಬಹುಮಾನ ಕೊಟ್ಟಿಲ್ಲ.

ಅವಳು ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುತ್ತಾಳೆ. ರಾಜರ ಚರಿತ್ರೆಯಲ್ಲ, ಹಾಗಿದ್ದರೆ ನೆಂಟರ ಮುಂದೆ ಹೇಳಿಕೊಳ್ಳಲಿಕ್ಕಾದರೂ ಆಗುತ್ತಿತ್ತು. ಇವಳದು ಗಲ್ಲಿಗಳ ಚರಿತ್ರೆ, ಚರಂಡಿಗಳ ಚರಿತ್ರೆ, ಯಾವ ಬೀದಿಗೆ ಮೊದಲು ದೀಪ ಬಂತು, ಯಾವ ಬೀದಿಗೆ ಬರಲಿಲ್ಲ, ಯಾಕೆ ಬರಲಿಲ್ಲ ಎಂಬುದರ ಚರಿತ್ರೆ. ರಸ್ತೆಯಲ್ಲಿ ನಡೆಯುವಾಗ ಎಲ್ಲರೂ ಅಂಗಡಿಯ ಬೋರ್ಡು ನೋಡಿದರೆ ಇವಳು ಗೋಡೆಯ ಬುಡ ನೋಡುತ್ತಾಳೆ. ಹೊಸ್ತಿಲು ಎಲ್ಲಿ ಸವೆದಿದೆ, ಮೆಟ್ಟಿಲು ಯಾಕೆ ಇಷ್ಟು ಎತ್ತರ ಎಂದು ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಡುತ್ತಾಳೆ. ಹಳೇ ಕೋರ್ಟಿನ ಕಾಗದ ಓದುವುದೆಂದರೆ ಅವಳಿಗೆ ಊಟ ಬೇಡ, ನಿದ್ದೆ ಬೇಡ. ಬಡವರ ಮಾತನ್ನು ಯಾರಾದರೂ ಬರೆದಿಟ್ಟಿದ್ದರೆ ಅದು ಕೋರ್ಟಿನಲ್ಲಿ ಮಾತ್ರ, ಅದೂ ಅವರು ಸಿಕ್ಕಿಬಿದ್ದಾಗ, ಎನ್ನುತ್ತಾಳೆ. ಹೌದೇನೋ ಅಂತ ನಾನು ತಲೆಯಾಡಿಸಿ ಜಿಪ್ ಹೊಲಿಯುತ್ತೇನೆ.

ಅಪ್ಪ ತೀರಿಕೊಂಡ ಮೇಲೆ ತಾಯಿಯಿಲ್ಲದ ನಮ್ಮಿಬ್ಬರನ್ನು ಸಾಕಿದವರು ದೊಡ್ಡಪ್ಪ, ಅಪ್ಪನ ಅಣ್ಣ. ಬೀಗ ರಿಪೇರಿ ಅವರ ಕಸುಬು. ಅವರಪ್ಪನ ಕಸುಬೂ ಅದೇ. ಓಣಿಯ ಬಾಯಲ್ಲಿ ಬಾಗಿಲಗಲದ ಒಂದು ಅಂಗಡಿ. ಗೋಡೆ ತುಂಬ ಕೀಲಿ ಗೊಂಚಲು, ಉಜ್ಜಿ ಉಜ್ಜಿ ನಡುವೆ ತಗ್ಗಾದ ಮರದ ಮೇಜು, ಕಬ್ಬಿಣದ ಪುಡಿಯ ವಾಸನೆ. ಪಕ್ಕದ್ದು ನನ್ನ ಹೊಲಿಗೆ ಅಂಗಡಿ. ಮೇಲುಗಡೆ ಮನೆ. ಅಕ್ಕ ಓದಿದ್ದು ದೊಡ್ಡಪ್ಪನ ದುಡಿಮೆಯಲ್ಲಿ. ನನ್ನನ್ನೂ ಓದಿಸಲು ನೋಡಿದರು. ಪುಸ್ತಕ ತೆರೆದರೆ ನನಗೆ ಆಕಳಿಕೆ ಬರುತ್ತಿತ್ತು, ಅದಕ್ಕೆ ಅವರೇನು ಮಾಡಿಯಾರು. ಕೆಲಸ ಸಿಕ್ಕ ಮೇಲೆ ಅಕ್ಕ ಕಾಲೇಜಿನ ಹತ್ತಿರ ಮನೆ ಮಾಡಿದಳು. ರಜೆಯ ದಿನ ಬರುವಳು, ಇಸ್ತ್ರಿಯವನ ತಲೆ ತಿಂದು ಹೋಗುವಳು.

ನಮ್ಮ ಓಣಿಯ ಒಂದು ಬದಿಗೆ ಉದ್ದಕ್ಕೂ ಹಳೇ ನೂಲಿನ ಗೋದಾಮಿನ ಗೋಡೆ. ಆ ಗೋದಾಮನ್ನು ಒಂದು ಕಂಪನಿ ಕೊಂಡಿತು. ಕೊಂಡ ಸ್ವಲ್ಪ ದಿನಕ್ಕೇ ನಮಗೆಲ್ಲ ನೋಟಿಸು. ಇದು ಓಣಿಯೇ ಅಲ್ಲ, ಗೋದಾಮಿನ ಅಂಗಳ. ನೀವೆಲ್ಲ ಹಿಂದಿನ ಯಜಮಾನರ ದಯೆಯಿಂದ ಕೂತವರು. ಎರಡೂ ತುದಿಗೆ ಗೇಟು ಹಾಕುತ್ತೇವೆ. ಗೇಟು ಬಿದ್ದರೆ ಗಿರಾಕಿ ಎಲ್ಲಿಂದ ಬರಬೇಕು? ಗಿರಾಕಿ ಇಲ್ಲದೆ ನಾವು ಏನು ಮಣ್ಣು ತಿನ್ನಬೇಕೇ? ಗೇಟಿನ ಹಿಂದೆಯೇ ಮನೆ ಖಾಲಿ ಮಾಡಿ ಎನ್ನುವ ಕಾಗದವೂ ಬರುತ್ತದೆಂದು ಹಸುಗೂಸಿಗೂ ಗೊತ್ತಿತ್ತು. ಓಣಿಯವರೆಲ್ಲ ಸೇರಿ ಕೋರ್ಟಿಗೆ ಹೋದೆವು.

ನಗರಸಭೆಯ ಹಳೇ ಕಾಗದಗಳು ಎಂದೋ ಬೆಂಕಿಗೆ ಹೋಗಿದ್ದವು. ಉಳಿದ ಎರಡು ನಕ್ಷೆಗಳಲ್ಲಿ ಒಂದು ಇದನ್ನು ದಾರಿ ಅನ್ನುತ್ತಿತ್ತು, ಇನ್ನೊಂದು ಅಂಗಳ ಅನ್ನುತ್ತಿತ್ತು. ಹಾಗಾಗಿ ಎಲ್ಲ ಬಂದು ನಿಂತದ್ದು ಜನರ ಬಾಯಿಯ ಮೇಲೆ. ನಮ್ಮ ವಕೀಲಮ್ಮ ಬಿಡಿಸಿ ಹೇಳಿದರು: ಗೋದಾಮಿನವರ ಅಪ್ಪಣೆ ಕೇಳದೆ, ಹೊರಗಿನ ಜನ ತಮ್ಮ ಹಕ್ಕು ಅನ್ನುವ ಹಾಗೆ ಇಲ್ಲಿ ಓಡಾಡುತ್ತಿದ್ದರು ಎಂದು ಕಣ್ಣಾರೆ ಕಂಡ ಹಳಬರು ಹೇಳಬೇಕು. ಹಳಬರಲ್ಲಿ ಉಳಿದಿದ್ದವರು ದೊಡ್ಡಪ್ಪ ಒಬ್ಬರೇ.

ಅಷ್ಟು ಸಾಕಿತ್ತು, ನಾವು ಗೆದ್ದೆವೆಂದೇ ತಿಳಿದೆವು. ಯಾಕೆಂದರೆ ದೊಡ್ಡಪ್ಪನ ಹತ್ತಿರ ಮೆರವಣಿಗೆಯ ಕಥೆ ಇತ್ತು. ಅವರು ಚಿಕ್ಕವರಿದ್ದಾಗ ಗಿರಣಿಗಳಲ್ಲಿ ಮುಷ್ಕರ ನಡೆದು, ಗಿರಣಿಯ ಹೆಂಗಸರು ಒಂದು ಸಂಜೆ ಕಂದೀಲು ಹಿಡಿದು ಗೋದಾಮಿನ ಓಣಿಯೊಳಗಿಂದಲೇ ಕಾಲುವೆಯವರೆಗೆ ನಡೆದರಂತೆ. ಓಣಿ ಕಿರಿದು, ಕಂದೀಲಿನ ಬಿಸಿ ಎರಡೂ ಕಡೆಯ ಬಾಗಿಲಿಗೆ ತಾಗುತ್ತಿತ್ತಂತೆ. ದೊಡ್ಡಪ್ಪ ಅವರಪ್ಪನ ಹೆಗಲ ಮೇಲೆ ಕೂತು ನೋಡಿದರಂತೆ. ಇಷ್ಟು ಹೇಳುವಾಗ ಅವರ ಕಣ್ಣು ಒದ್ದೆಯಾಗುತ್ತಿತ್ತು. ಅವರಪ್ಪ, ಅಂದರೆ ನಮ್ಮ ತಾತ, ಮಾತಿಗೆ ಮೊದಲು ಕೈ ಎತ್ತುವ ಮನುಷ್ಯ, ನಗು ಕಡಿಮೆ ಎಂದಷ್ಟೇ ನಮಗೆ ಗೊತ್ತಿತ್ತು. ಅವರ ವಿಷಯದಲ್ಲಿ ದೊಡ್ಡಪ್ಪ ಸಂತೋಷದಿಂದ ಹೇಳುತ್ತಿದ್ದುದು ಇದೊಂದನ್ನೇ.

ವಿಚಾರಣೆಯ ಹಿಂದಿನ ದಿನ ಮಧ್ಯಾಹ್ನ ವಕೀಲಮ್ಮ ತಮ್ಮ ಆಫೀಸಿನಲ್ಲಿ ದೊಡ್ಡಪ್ಪನನ್ನು ಕೂರಿಸಿ ಒಂದು ಸಲ ಹೇಳಿಸಿದರು. ಅಕ್ಕ ಕ್ಲಾಸು ಮುಗಿಸಿಕೊಂಡು, ಕೈಗೆ ಸೀಮೆಸುಣ್ಣ ಮೆತ್ತಿಕೊಂಡೇ ಓಡಿಬಂದಿದ್ದಳು. ದೊಡ್ಡಪ್ಪ ಹೆಗಲಿನ ಮಾತಿಗೆ ಬಂದರು. ವಕೀಲಮ್ಮನ ಮುಖ ಅರಳಿತು. ನಾನು ಅಕ್ಕನ ಕಡೆ ತಿರುಗಿ ನೋಡಿದೆ, ಹೆಮ್ಮೆ ಹಂಚಿಕೊಳ್ಳೋಣವೆಂದು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಯಾವಾಗ ಎಂದು ಕೇಳಲಿಲ್ಲ. ಅವಳು ಅದನ್ನು ಕೇಳದೇ ಇದ್ದಾಗಲೇ ಏನೋ ಎಡವಟ್ಟಾಗಿದೆ ಎಂದು ನನಗೆ ಗೊತ್ತಾಯಿತು.

ಹೊರಗೆ ಮೆಟ್ಟಿಲ ಹತ್ತಿರ ನನ್ನ ತೋಳು ಹಿಡಿದು ನಿಲ್ಲಿಸಿ ಎಲ್ಲ ಹೇಳಿದಳು. ವರ್ಷಗಳ ಹಿಂದೆ, ಹೊಸದಾಗಿ ಪಾಠ ಮಾಡಲು ಸೇರಿದ ಹುರುಪಿನಲ್ಲಿ, ಓಣಿಯಲ್ಲೇ ಬಿಳಿ ದುಪ್ಪಟಿ ಕಟ್ಟಿ ಚಿತ್ರ ಬೀಳಿಸಿ ಓಣಿಯವರಿಗೆಲ್ಲ ಓಣಿಯ ಚರಿತ್ರೆ ಹೇಳಿದ್ದಳು. ನಾನೂ ಇದ್ದೆ, ನಿದ್ದೆ ಹೊಡೆದೆ. ಮೆರವಣಿಗೆಯ ವಿಷಯವನ್ನು ಓಣಿಗೆ ಮೊದಲು ಹೇಳಿದವಳು ಅವಳೇ. ಹಳೇ ಪತ್ರಿಕೆಯಲ್ಲಿ ಗೋದಾಮಿನ ಓಣಿ ಎಂದಿತ್ತು, ನಮ್ಮದೇ ಎಂದುಕೊಂಡಳು. ಆಮೇಲೆ ನೋಡಿದರೆ ಅದು ಕಾಲುವೆಯ ಆಚೆಗಿದ್ದ ಹತ್ತಿಯ ಗೋದಾಮು. ನಮ್ಮ ಓಣಿಗೆ ಯಾವ ಮೆರವಣಿಗೆಯೂ ಬಂದಿರಲಿಲ್ಲ. ತಪ್ಪು ತಿದ್ದಿ ಚರಿತ್ರೆಯವರ ಒಂದು ಸಣ್ಣ ಪತ್ರಿಕೆಗೆ ಲೇಖನವನ್ನೂ ಬರೆದಳು. ಅದನ್ನು ಓಣಿಯಲ್ಲಿ ಯಾರು ಓದುತ್ತಾರೆ? ದೊಡ್ಡಪ್ಪ ಮೆರವಣಿಗೆಯ ಮಾತೆತ್ತಿದಾಗೆಲ್ಲ ತಾನು ಅಂದು ಹೇಳಿದ ಕಥೆಯನ್ನೇ ಅಭಿಮಾನದಿಂದ ತಿರುಗಿ ಹೇಳುತ್ತಿದ್ದಾರೆ ಎಂದುಕೊಂಡಿದ್ದಳಂತೆ. ನಾನೇ ಕಂಡೆ ಎಂದು ಅವರು ಅನ್ನುವುದನ್ನು ಕೇಳಿದ್ದು ಅವತ್ತೇ.

ಹೆಗಲು? ನಾನು ಕೇಳಿದೆ. ಹೆಗಲನ್ನೂ ತಾನೇ ಸೇರಿಸಿದ್ದೆ ಎಂದಳು. ಯಾವುದೋ ಮಗು ಅಪ್ಪನ ಹೆಗಲ ಮೇಲೆ ಕೂತು ಇದನ್ನು ನೋಡಿರಬೇಕು ಎಂದು, ಕೇಳುವವರ ಮನಸ್ಸು ಕರಗಲಿ ಅಂತ, ಒಂದು ಮಾತು ಹಾಕಿದ್ದಳಂತೆ. ದೊಡ್ಡಪ್ಪ ಆ ಮಗುವಾಗಿಬಿಟ್ಟಿದ್ದರು.

ಮನೆಗೆ ಮಾರಿ, ಊರಿಗೆ ಉಪಕಾರಿ ಅಂದರೆ ನೀನೇ ಎಂದೆ. ಬಾಯಿ ಮುಚ್ಚಿಕೊಂಡಿರು ಎಂದೆ. ದೊಡ್ಡಪ್ಪ ಸುಳ್ಳು ಹೇಳುತ್ತಿಲ್ಲ, ನಂಬಿ ಹೇಳುತ್ತಿದ್ದಾರೆ. ನಂಬಿದ್ದನ್ನು ಹೇಳಿದರೆ ಯಾವ ದೇವರೂ ಕಣ್ಣು ಕೀಳುವುದಿಲ್ಲ. ನಿನಗೆ ನಿನ್ನ ಚರಿತ್ರೆ ದೊಡ್ಡದೋ ಈ ಸೂರು ದೊಡ್ಡದೋ ಎಂದೂ ಕೇಳಿದೆ. ಕೋಪ ಬಂದಾಗ ನನ್ನ ನಾಲಿಗೆಗೆ ಎಲುಬಿರುವುದಿಲ್ಲ.

"ನಾಳೆ ಅವರನ್ನ ಕಟಕಟೆಯಲ್ಲಿ ನಿಲ್ಲಿಸಿ, ಎಲ್ಲರ ಮುಂದೆ ನನ್ನ ಲೇಖನ ಓದಿದ್ರೆ?" ಎಂದಳು ಅಕ್ಕ.

"ನಿನ್ನ ಲೇಖನ ಯಾರು ಓದ್ತಾರೆ?"

"ಯಾರೂ ಓದಲ್ಲ. ಎದುರು ವಕೀಲ ಓದ್ತಾನೆ. ಅವನಿಗೆ ಸಂಬಳ ಕೊಡೋದೇ ಅದಕ್ಕೆ."

ಅಷ್ಟು ಹೇಳಿ ಅವಳು ವಾಪಸು ಒಳಗೆ ಹೋದಳು.

ವಕೀಲಮ್ಮನಿಗೂ ಹೇಳಿದಳು. ಅವರು ಪೆನ್ನು ಮೇಜಿನ ಮೇಲಿಟ್ಟರು. ನಮ್ಮ ಕಡೆಯಿಂದ ಮೆರವಣಿಗೆಯ ಮಾತೆತ್ತುವುದಿಲ್ಲ, ತರಕಾರಿಯವರು, ಗಿರಾಕಿಗಳು ಬರುತ್ತಿದ್ದರೇ ಎಂದಷ್ಟೇ ಕೇಳುತ್ತೇನೆ ಎಂದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಲೆಕ್ಕ. ಆದರೆ ಗಿರಾಕಿ ಬಂದದ್ದು ಏನನ್ನೂ ತೋರಿಸುವುದಿಲ್ಲ. ಖಾಸಗಿ ಅಂಗಳಕ್ಕೂ ಗಿರಾಕಿ ಬರುತ್ತಾರೆ. ಅದು ಅವರಿಗೂ ಗೊತ್ತಿತ್ತು. ಎದುರಿನವರು ಮೆರವಣಿಗೆಯನ್ನು ಕೆದಕಿದರೆ ನನ್ನ ಕೈಯಲ್ಲಿ ಏನೂ ಇಲ್ಲ ಎಂದರು.

ಸಂಜೆ ಅಕ್ಕ ದೊಡ್ಡಪ್ಪನ ಅಂಗಡಿಗೆ ಹೋಗಿ ಗಿರಾಕಿಯ ಮಣೆಯ ಮೇಲೆ ಕೂತಳು. ನಾನು ನನ್ನ ಮಿಷನ್ ನಿಲ್ಲಿಸಿ ಗೋಡೆಗೆ ಕಿವಿಕೊಟ್ಟೆ. ನಡುವೆ ಇದ್ದದ್ದು ಬರೀ ಹಲಗೆ. ಅವಳು ಏನನ್ನೂ ಸುತ್ತಿ ಬಳಸಿ ಹೇಳಲಿಲ್ಲ. ಕೀಲಿಗೆ ಅರ ಉಜ್ಜುವ ಸದ್ದು ಅವಳ ಮಾತಿನ ನಡುವೆ ನಿಂತಿತು. ದೊಡ್ಡಪ್ಪ ಕೇಳಿದರು:

"ಹಾಗಾದ್ರೆ ನಮ್ಮಪ್ಪನ ಹೆಗಲು?"

"ಅದು ನಾನು ಸೇರಿಸಿದ್ದು ದೊಡ್ಡಪ್ಪ. ಯಾವುದೋ ಮಗು ಅಂತ ಹೇಳಿದ್ದೆ."

"ನಾನು ಅವನ ತಲೆಕೂದಲು ಹಿಡ್ಕೊಂಡಿದ್ದೆ ಕಣೇ. ಕೈಗೆಲ್ಲ ಎಣ್ಣೆ ಹತ್ತಿತ್ತು."

ದೊಡ್ಡಪ್ಪ ಎದ್ದು ಅರ, ಚಿಮುಟ ಎಲ್ಲ ಒರೆಸಿ ಇಟ್ಟರು, ಶಟರ್ ಎಳೆದರು. ಅಕ್ಕನನ್ನು ಬೈದಿದ್ದರೆ ಸಮಾಧಾನವಾಗುತ್ತಿತ್ತು. ನಾಳೆ ಬರುತ್ತೇನೆ, ಏನು ಹೇಳುತ್ತೇನೋ ಗೊತ್ತಿಲ್ಲ ಎಂದಷ್ಟೇ ಹೇಳಿ ಮೇಲೆ ಹೋದರು. ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಅಕ್ಕ ನಮ್ಮಲ್ಲೇ ಉಳಿದಳು. ನಾನು ಅವಳಿಗೆ ಬಡಿಸಿದೆ. ತಟ್ಟೆ ಕುಕ್ಕಿದೆ, ಅದು ಅವಳಿಗೆ ಕೇಳಿಸಲೆಂದೇ.

ಮರುದಿನ ಮೂವರೂ ಬಸ್ಸಿನಲ್ಲಿ ಹೋದೆವು. ದೊಡ್ಡಪ್ಪ ಕಿಟಕಿಯ ಪಕ್ಕ ಕೂತರು. ಕೋರ್ಟಿನ ಕೋಣೆ ನಾನು ಅಂದುಕೊಂಡದ್ದಕ್ಕಿಂತ ಸಣ್ಣದು, ಶಾಲೆಯ ಕೋಣೆಯಷ್ಟೇ. ಕಂಪನಿಯ ವಕೀಲ ಚಿಕ್ಕ ವಯಸ್ಸಿನವನು, ಮೃದು ಮಾತಿನವನು. ಅರಚುವ ವಕೀಲನಾಗಿದ್ದರೆ ನನಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಅವನ ಮುಂದೆ ಮೇಜಿನ ಮೇಲೆ ಒಂದು ತೆಳ್ಳನೆಯ ಪತ್ರಿಕೆ ಇತ್ತು. ಅಕ್ಕ ಅದನ್ನು ನೋಡಿದಳು, ನನ್ನ ಕೈ ಹಿಡಿದಳು. ಕೋಪವಿದ್ದರೂ ನಾನು ಕೈ ಬಿಡಿಸಿಕೊಳ್ಳಲಿಲ್ಲ.

ನಮ್ಮ ವಕೀಲಮ್ಮ ಹೇಳಿದ್ದಂತೆಯೇ ಕೇಳಿ ಕೂತರು. ದೊಡ್ಡಪ್ಪನ ಉತ್ತರ ಸರಿಯಾಗಿಯೇ ಇತ್ತು, ಆದರೆ ಸಪ್ಪೆ. ನ್ಯಾಯಾಧೀಶರು ಹೆಚ್ಚೇನೂ ಬರೆದುಕೊಳ್ಳಲಿಲ್ಲ. ಆಮೇಲೆ ಆ ಹುಡುಗ ವಕೀಲ ಎದ್ದ. ಅಜ್ಜಾ, ನೀವು ಒಂದು ಮೆರವಣಿಗೆಯ ಬಗ್ಗೆ ಓಣಿಯಲ್ಲೆಲ್ಲ ಹೇಳುತ್ತೀರಂತೆ, ನಮಗೂ ಹೇಳಿ ಎಂದ. ಬೆಣ್ಣೆ ಹಚ್ಚಿದ ಹಾಗಿತ್ತು ಮಾತು.

ದೊಡ್ಡಪ್ಪ ಕಟಕಟೆಯ ಮರದ ಮೇಲೆ ಹೆಬ್ಬೆರಳು ಆಡಿಸುತ್ತ ನಿಂತರು. ಹೇಳಿದರೆ ಪತ್ರಿಕೆ ತೆರೆಯುತ್ತದೆ, ಹೇಳದಿದ್ದರೆ ಓಣಿಗೆ ಸಾಕ್ಷಿಯೇ ಇಲ್ಲ.

ಕೊನೆಗೆ ಅವರು, ಆ ಮೆರವಣಿಗೆ ತಾನು ಕಂಡದ್ದಲ್ಲ, ಕೇಳಿದ್ದು ಎಂದರು. ಕಂಡೆ ಅಂತ ಇಷ್ಟು ವರ್ಷ ತಿಳಿದಿದ್ದೆ, ಕಂಡಿಲ್ಲ ಅಂತ ನಿನ್ನೆ ಗೊತ್ತಾಯಿತು ಎಂದರು. ಹಿಂದಿನ ಬೆಂಚಿನಲ್ಲಿದ್ದ ಓಣಿಯವರ ನಡುವೆ ಗುಜುಗುಜು ಎದ್ದಿತು. ಇಸ್ತ್ರಿಯವನು ತಲೆಗೆ ಕೈ ಹಚ್ಚಿದ್ದು ಕಂಡಿತು. ಮುಗಿಯಿತು ನಮ್ಮ ಕಥೆ, ಮಿಷನ್ ಎಲ್ಲಿಗೆ ಸಾಗಿಸುವುದು ಎಂದು ನಾನು ಅಲ್ಲೇ ಯೋಚಿಸತೊಡಗಿದೆ.

ಹುಡುಗ ವಕೀಲನಿಗೂ ಇಷ್ಟು ಸಲೀಸಾಗಿ ಬರುತ್ತದೆಂದು ಅನಿಸಿರಲಿಕ್ಕಿಲ್ಲ. ಅಲ್ಲಿಗೇ ಕೂತುಬಿಟ್ಟಿದ್ದರೆ ಅವನು ಗೆದ್ದಿರುತ್ತಿದ್ದ. ಆದರೆ ಇನ್ನೊಂದು ಮೊಳೆ ಹೊಡೆದೇಬಿಡೋಣ ಅನಿಸಿತೇನೋ. ಹಾಗಾದರೆ ನಿಮ್ಮ ಬಾಲ್ಯದಲ್ಲಿ, ಗಿರಾಕಿಗಳನ್ನು ಬಿಟ್ಟರೆ, ಹೊರಗಿನವರು ಯಾರೂ ಆ ಜಾಗಕ್ಕೆ ಹಕ್ಕಿನಿಂದ ಬಂದದ್ದನ್ನು ನೀವು ಕಂಡಿಲ್ಲ, ಅಲ್ಲವೇ ಎಂದು ಕೇಳಿದ.

"ಒಬ್ಬ ಬಂದಿದ್ದ," ಎಂದರು ದೊಡ್ಡಪ್ಪ. "ಪೊಲೀಸಿನವನು."

ಅಕ್ಕ ತಲೆಯೆತ್ತಿದಳು. ಇದು ಅವಳಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ನಮ್ಮಪ್ಪನಿಗಾದರೂ ಗೊತ್ತಿತ್ತೋ ಇಲ್ಲವೋ.

ದೊಡ್ಡಪ್ಪ ನೆಲ ನೋಡುತ್ತ ಹೇಳಿದರು. ಅಂಗಡಿಯೊಳಗೆ ಬೆಳಕು ಸಾಲದೆ ಅವರಪ್ಪ ಮೇಜನ್ನು ಓಣಿಗೆ ಎಳೆದುಕೊಂಡು ಕೆಲಸ ಮಾಡುತ್ತಿದ್ದರು. ಒಂದು ದಿನ ಯಾರದೋ ಗಾಡಿ ದಾಟಲಾಗದೆ ನಿಂತಿತು. ಗಾಡಿಯವನು ಪೊಲೀಸನ್ನು ಕರೆತಂದ. ಪೊಲೀಸು ಏನೂ ಕೇಳಲಿಲ್ಲ, ಎಲ್ಲರ ಮುಂದೆ ಕೆನ್ನೆಗೆ ಬಾರಿಸಿದ. ಇದೇನು ನಿಮ್ಮಪ್ಪನ ಜಾಗವೇನೋ, ರಸ್ತೆ ಇದು, ಎಲ್ಲರ ರಸ್ತೆ ಎಂದ. ಮೇಜನ್ನು ಒದ್ದು ಉರುಳಿಸಿದ. ಬೀಗ, ಕೀಲಿ ಎಲ್ಲ ಚರಂಡಿಗೆ ಚೆಲ್ಲಿದವು. ಕೊರಳಪಟ್ಟಿ ಹಿಡಿದು ಠಾಣೆಗೆ ನಡೆಸಿಕೊಂಡು ಹೋದ. ಸರ್ಕಾರಿ ರಸ್ತೆಗೆ ಅಡ್ಡ ಹಾಕಿದ್ದಕ್ಕೆ ದಂಡ ಹಾಕಿಸಿದ. ಮಗ ಬಾಗಿಲ ಹಿಂದೆ ನಿಂತು ನೋಡಿದ. ಹೊರಗೆ ಬರಲು ಧೈರ್ಯವಾಗಲಿಲ್ಲ.

ನ್ಯಾಯಾಧೀಶರು ಬರೆದುಕೊಳ್ಳುತ್ತಿದ್ದರು. ಹುಡುಗ ವಕೀಲ ಈಗ ಕೂರುವ ಹಾಗಿರಲಿಲ್ಲ. ಮೆರವಣಿಗೆಯನ್ನೂ ನೀವು ಹೀಗೇ ಕಣ್ಣಿಗೆ ಕಟ್ಟುವಂತೆ ಹೇಳುತ್ತಿದ್ದಿರಿ ಎಂದ. ಅವನ ದನಿ ಮೊದಲಿನಷ್ಟು ಮೃದುವಾಗಿರಲಿಲ್ಲ. ಇದನ್ನೂ ನಿಮ್ಮ ಮನೆಯ ಚರಿತ್ರೆಯ ಮೇಡಂ ಹೇಳಿಕೊಟ್ಟದ್ದಲ್ಲವೆಂದು ನಾವು ಹೇಗೆ ನಂಬಬೇಕು?

ಕೇಳಬೇಕಾದ ಪ್ರಶ್ನೆಯೇ ಅದು. ಅಕ್ಕ ಆಮೇಲೆ ನನಗೆ ಹೇಳಿದಳು, ಆ ಜಾಗದಲ್ಲಿ ತಾನಿದ್ದರೂ ಅದನ್ನೇ ಕೇಳುತ್ತಿದ್ದೆ ಎಂದು.

"ಮೆರವಣಿಗೆ ನೆನಪಾಗಲಿ ಅಂತ ಆಸೆ ಪಟ್ಟಿದ್ದೆ ಸ್ವಾಮಿ," ಎಂದರು ದೊಡ್ಡಪ್ಪ. "ಇದನ್ನ ಮರೀಬೇಕು ಅಂತ ಬದುಕಿಡೀ ಒದ್ದಾಡಿದ್ದೀನಿ. ತೀರಿಹೋದ ಹೆಂಡತಿಗೂ ಹೇಳಿರಲಿಲ್ಲ. ಇವತ್ತು ನಮ್ಮಪ್ಪ ಏಟು ತಿಂದಿದ್ದನ್ನ ಊರ ಮುಂದೆ ಹೇಳಿಸಿದ್ದು ನೀವು."

ಅವನು ಕೂತ.

ತೀರ್ಪು ಬರಲು ತಡವಾಯಿತು. ಬಂದಾಗ ಓಣಿ ಓಣಿಯಾಗಿಯೇ ಉಳಿಯಿತು, ಗೇಟು ಬೀಳಲಿಲ್ಲ. ಇಸ್ತ್ರಿಯವನು ಈಗ ಹಿಂದಿನ ಕಾಲದ ಮಾತೆತ್ತಿದರೆ ಅವನೇ ಇಸವಿ ಸೇರಿಸಿ ಹೇಳುತ್ತಾನೆ. ಅದನ್ನೆಲ್ಲ ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ನನಗೆ ಹೇಳಬೇಕಾಗಿರುವುದು ಅದಲ್ಲ, ಅವತ್ತು ಬಸ್ ಸ್ಟಾಪಿನಲ್ಲಿ ನಡೆದದ್ದು.

ಕೋರ್ಟಿನಿಂದ ಹೊರಗೆ ಬಂದಾಗ ಓಣಿಯವರೆಲ್ಲ ದೊಡ್ಡಪ್ಪನ ಸುತ್ತ ಮುಗಿಬಿದ್ದರು. ಅವರು ಎಲ್ಲರನ್ನೂ ಬಿಡಿಸಿಕೊಂಡು ಬಂದು ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತರು. ಅಕ್ಕ ಒಂದು ಮಾರು ದೂರದಲ್ಲಿ ಕಂಬಕ್ಕೆ ಒರಗಿ ಅಳುತ್ತಿದ್ದಳು. ನಮ್ಮಕ್ಕ ಅತ್ತದ್ದನ್ನು ನಾನು ಅಪ್ಪ ಹೋದ ದಿನ ನೋಡಿದ್ದೆ, ಆಮೇಲೆ ಅವತ್ತೇ. ಬಾರೇ, ಕೂರು ಎಂದು ಅವಳನ್ನು ಎಳೆದು ದೊಡ್ಡಪ್ಪನ ಪಕ್ಕ ಕೂರಿಸಿದೆ.

ಬಸ್ಸು ಬರುವ ಹೊತ್ತಾದರೂ ಬರಲಿಲ್ಲ. ದೊಡ್ಡಪ್ಪ ರಸ್ತೆ ನೋಡುತ್ತಲೇ ಮಾತಾಡಿದರು. ಒಂದು ವಿಷಯ ಒಳಗೆ ಹೇಳಲಿಲ್ಲ ಎಂದರು. ಪೊಲೀಸು ಎಳೆದುಕೊಂಡು ಹೋಗುವಾಗ ಓಣಿಯ ತಿರುವಿನಲ್ಲಿ ಅವರಪ್ಪ ಹಿಂದೆ ತಿರುಗಿದರಂತೆ. ಮಗಾ, ಅರ ಎತ್ತಿ ಒಳಗಿಡು, ಕೈಗೆ ಚುಚ್ಚೀತು, ನೋಡಿಕೊಂಡು ಎಂದರಂತೆ. ಮಗಾ ಎಂದು ಕರೆದದ್ದು ಅದೊಂದೇ ಸಲವಂತೆ.

ಆಮೇಲೆ ಅಕ್ಕನ ಕಡೆ ತಿರುಗಿದರು. ಅಂಥ ಹೆದರಿಕೆಯನ್ನು ನಾನು ಅವರ ಮುಖದಲ್ಲಿ ಕೋರ್ಟಿನಲ್ಲೂ ಕಂಡಿರಲಿಲ್ಲ.

"ಇದು ನೀನು ಹೇಳಿದ್ದಲ್ಲ ತಾನೇ?"

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡಳು. "ಇಲ್ಲ ದೊಡ್ಡಪ್ಪ. ಇದು ನನಗೆ ಗೊತ್ತೇ ಇರಲಿಲ್ಲ."

"ಯಾವತ್ತೂ ಹೇಳಿಲ್ಲ?"

"ಯಾವತ್ತೂ ಹೇಳಿಲ್ಲ."

"ಹಾಗಾದ್ರೆ ಇದನ್ನ ಇಟ್ಕೋತೀನಿ," ಎಂದರು ದೊಡ್ಡಪ್ಪ.